ಒಂದನೇ ಪೆಟ್ಟನ್ನು ಖಾಲಿ ಬಿಡುವವರು: ಬ್ವೆನಾ ವಿಸ್ತಾ ಸೋಷಿಯಲ್ ಕ್ಲಬ್

ಕಾಞಂಗಾಡಿನಿಂದ ಚೆರ್ವತ್ತೂರಿನ ತನಕ ಯಾವ ಜಂಕ್ಷನ್ನಿನಲ್ಲಿ ಬಸ್ಸಿಳಿದರೂ ಚೆ ಗುವಾರನ ಮುಖ ಒಂದಾದರೂ ಗೋಡೆಯಲ್ಲಿ ಕಾಣಲು ಸಿಗುತ್ತದೆ. ಆತ ಹುಟ್ಟಿದ್ದು ಅರ್ಜೆಂಟೀನಾದಲ್ಲಿ, ಅದು ಬೇರೆ ಮಾತು. ಕ್ಯೂಬಾದ ಚಿತ್ರಕ್ಕೆ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಬರಗಾಲವಿಲ್ಲ, ಕ್ಯೂಬಾದ ಹಾಡಿಗೆ ಇದೆ. ಆ ದ್ವೀಪದ ಸಾಂಪ್ರದಾಯಿಕ ಸಂಗೀತದ ಒಂದೇ ಒಂದು ಆಲ್ಬಂ ಕೇಳುವುದಾದರೆ ಯಾವುದು ಎಂದು ಕೇಳುವವರಿಗೆ ಉತ್ತರ ಹೆಚ್ಚುಕಡಿಮೆ ಒಂದೇ: ಬ್ವೆನಾ ವಿಸ್ತಾ ಸೋಷಿಯಲ್ ಕ್ಲಬ್. ಧ್ವನಿಮುದ್ರಣವಾದದ್ದು 1996ರ ಮಾರ್ಚಿನಲ್ಲಿ, ಹವಾನಾದ ಎಗ್ರೆಂ ಸ್ಟುಡಿಯೋದಲ್ಲಿ, ಆರು ದಿನಗಳೊಳಗೆ. ಹೊರಬಂದದ್ದು 1997ರಲ್ಲಿ. 14 ಹಾಡು, ಒಟ್ಟು ಸುಮಾರು ಒಂದು ಗಂಟೆ.

ಆಲ್ಬಮ್ಮಿನ ಸುತ್ತ ಒಂದು ಕಥೆ ಬೆಳೆದುಕೊಂಡಿದೆ: ಮರೆತುಹೋದ ಮುದುಕರು, ಹಳೆಯ ಕಾರುಗಳು, ಬಣ್ಣ ಸುಲಿದ ಗೋಡೆಗಳು, ಎಲ್ಲಿಂದಲೋ ಬಂದ ಅಮೆರಿಕದ ಗಿಟಾರುವಾದಕ. ಪೂರ್ತಿ ಸುಳ್ಳಲ್ಲ. ಆ ಗಿಟಾರುವಾದಕ ರೈ ಕೂಡರ್ ಆಲ್ಬಮ್ಮಿನ ನಿರ್ಮಾಪಕ ಹೌದು. ಹಾಡುವಾಗ ಕೊಂಪಾಯ್ ಸೆಗುಂದೊಗೆ 88, ಪಿಯಾನೋದ ರುಬೆನ್ ಗೊನ್ಸಾಲೆಸ್‌ಗೆ 76, ಇಬ್ರಾಹಿಂ ಫೆರೆರ್‌ಗೆ 69. ಆದರೆ ಇವರನ್ನೆಲ್ಲ ಹುಡುಕಿ ಒಟ್ಟುಗೂಡಿಸಿದವನು ಹವಾನಾದವನೇ ಆದ ಹ್ವಾನ್ ದೆ ಮಾರ್ಕೋಸ್ ಗೊನ್ಸಾಲೆಸ್. ಒಮಾರಾ ಪೊರ್ತುವೊಂದೊ, ಎಲಿಯಾದೆಸ್ ಒಚೊವಾ ಇಬ್ಬರನ್ನೂ ಯಾರೂ ಮರೆತಿರಲಿಲ್ಲ. ಅವರು ತಮ್ಮ ಊರಿನಲ್ಲಿ ಹಾಡುತ್ತಲೇ ಇದ್ದವರು. ಅಸಲಿಗೆ ಯೋಜನೆಯೇ ಬೇರೆಯಿತ್ತು. ಪಶ್ಚಿಮ ಆಫ್ರಿಕಾದ ಮಾಲಿಯ ವಾದಕರನ್ನು ಕ್ಯೂಬಾದವರ ಜೊತೆ ಕೂರಿಸಬೇಕೆಂದು ವರ್ಲ್ಡ್ ಸರ್ಕ್ಯೂಟ್ ಕಂಪೆನಿಯ ನಿಕ್ ಗೋಲ್ಡ್ ಸ್ಟುಡಿಯೋ ಹಿಡಿದಿದ್ದ. ಮಾಲಿಯವರು ಬಂದು ತಲುಪಲಿಲ್ಲ. ಬಾಡಿಗೆ ಕೊಟ್ಟ ಸ್ಟುಡಿಯೋ ಖಾಲಿ ಬಿಡುವುದೆಂತು ಎಂದು ಇದ್ದವರನ್ನೇ ಕೂರಿಸಿದರು.

ಇಷ್ಟು ಸಾಕು. ಕಥೆ ಕೇಳಿ ಆಲ್ಬಂ ಇಷ್ಟಪಟ್ಟವರು ಮೂರನೇ ಸಲಕ್ಕೆ ಬಿಡುತ್ತಾರೆ. ಇದು ಇಪ್ಪತ್ತೈದು ವರ್ಷ ದಾಟಿಯೂ ನಿಂತದ್ದು ಹಾಡುಗಾರರ ವಯಸ್ಸಿನಿಂದಲ್ಲ, ಲಯದೊಳಗೆ ಬಿಟ್ಟ ಖಾಲಿ ಜಾಗದಿಂದ. ಆ ಜಾಗ ಎಲ್ಲಿದೆಯೆಂದು ಒಮ್ಮೆ ಗೊತ್ತಾದರೆ ಆಲ್ಬಂ ತಾನಾಗಿ ತೆರೆದುಕೊಳ್ಳುತ್ತದೆ. ಯಕ್ಷಗಾನದ ಆಟ, ತಾಳಮದ್ದಳೆ, ಭಜನೆ ಕೇಳಿ ಬೆಳೆದ ಕಿವಿಗೆ ಅದು ಮೊದಲು ಮೋಸ ಮಾಡುತ್ತದೆ, ಆಮೇಲೆ ಬೇರೆಯವರಿಗಿಂತ ಬೇಗ ದಕ್ಕುತ್ತದೆ.

ಮೋಸ ಏನೆಂದರೆ, ತಾಳದ ಮೊದಲ ಪೆಟ್ಟು ನಮಗೆ ಕೈಗೆ ಸಿಗುವ ವಸ್ತು. ಭಾಗವತರ ಜಾಗಟೆಯೋ ಚಕ್ರತಾಳವೋ ಅದನ್ನು ತೋರಿಸಿಕೊಡುತ್ತದೆ. ಮದ್ದಳೆ ಎಷ್ಟೇ ಸುತ್ತಿ ಬಂದರೂ ಅಲ್ಲಿಗೆ ಬಂದು ಕೂರುತ್ತದೆ. ಕ್ಯೂಬಾದ ಸೋನ್ ಎಂಬ ಹಾಡಿನ ಪ್ರಕಾರದಲ್ಲಿ ಬೇಸ್ ಎಂಬ ತಗ್ಗುದನಿಯ ದೊಡ್ಡ ತಂತಿವಾದ್ಯ ನುಡಿಸುವವನು ಆ ಮೊದಲ ಪೆಟ್ಟನ್ನೇ ನುಡಿಸುವುದಿಲ್ಲ. ಎಂಟು ಮಾತ್ರೆ ಎಣಿಸಿ. ಬೇಸ್ ಬೀಳುವುದು 4ಕ್ಕೆ ಮತ್ತು 7ಕ್ಕೆ. 7ರಲ್ಲಿ ಮೀಟಿದ ಸ್ವರ ಮುಂದಿನ ಆವರ್ತಕ್ಕೆ ಸೇರಿದ್ದು. ಅದು ಹಾಗೆಯೇ ಎಳೆದುಕೊಂಡು 1ನ್ನು ದಾಟಿ ಹೋಗುತ್ತದೆ. ನಮ್ಮ ಲೆಕ್ಕದಲ್ಲಿ ಇದು ಅತೀತ ಎಡುಪ್ಪು, ಅಂದರೆ ತಾಳದ ಮೊದಲ ಪೆಟ್ಟಿಗಿಂತ ಮುಂಚೆಯೇ ಎತ್ತುವುದು; ಆದರೆ ಹಾಡಿನ ಆರಂಭದಲ್ಲಿ ಒಮ್ಮೆಯಲ್ಲ, ಪ್ರತಿ ಆವರ್ತದಲ್ಲೂ. ಈ ನಡೆಗೆ ತುಂಬಾವೊ ಎನ್ನುತ್ತಾರೆ. ಗೊತ್ತಿಲ್ಲದೆ ಕೇಳಿದವರು ಬೇಸಿನ 7ನೇ ಮಾತ್ರೆಯನ್ನೇ ಮೊದಲ ಪೆಟ್ಟು ಎಂದು ಹಿಡಿದು ತಾಳ ಹಾಕುತ್ತಾರೆ. ಪಲ್ಲವಿ ಬಂದಾಗ ಹಾಡು ತಡವಾಗಿ ಎತ್ತಿದಂತೆ ಕಾಣುತ್ತದೆ, ಕೈ ತಪ್ಪುತ್ತದೆ. ಹಾಡುವವರದು ತಪ್ಪಲ್ಲ.

ಇನ್ನೊಂದು ಕೀಲಿ ಕ್ಲಾವೆ. ಗೇಣುದ್ದದ ಎರಡು ಗಟ್ಟಿಮರದ ಕೋಲುಗಳ ಹೆಸರೂ ಅದೇ, ಅವು ಹಾಕುವ ಲೆಕ್ಕದ ಹೆಸರೂ ಅದೇ. 16 ಮಾತ್ರೆಯಲ್ಲಿ ಐದು ಪೆಟ್ಟು: 1, 4, 7, 11, 13. ಅಂಕೆ ನೆನಪಿಟ್ಟುಕೊಳ್ಳುವುದಕ್ಕಿಂತ ಬಾಯಿತಾಳ ಸುಲಭ. ತಕಿಟ ತಕಿಟ ತಕಧಿಮಿ ತಕ ತಕಧಿಮಿ ಎಂದು ಒಂದೇ ಸಮನೆ ಹೇಳುತ್ತ ಪ್ರತಿ ಪದದ ಮೊದಲ ಅಕ್ಷರಕ್ಕೆ ಮಾತ್ರ ಚಪ್ಪಾಳೆ ತಟ್ಟಿ. ಮೂರು, ಮೂರು, ನಾಲ್ಕು, ಎರಡು, ನಾಲ್ಕು, ಸೇರಿ ಹದಿನಾರು. ಮೊದಲ ಅರ್ಧದಲ್ಲಿ ಮೂರು ಪೆಟ್ಟು, ಎರಡನೇ ಅರ್ಧದಲ್ಲಿ ಎರಡು. ಕೆಲವು ಹಾಡು ಅರ್ಧ ತಿರುಗಿಸಿ ಎರಡರ ಕಡೆಯಿಂದ ಶುರುವಾಗುತ್ತವೆ. ಆಗ ಎರಡು ಮಾತ್ರೆ ಸುಮ್ಮನಿದ್ದು ತಕ ತಕಧಿಮಿ ತಕಿಟ ತಕಿಟ ತಕ ಎನ್ನಬೇಕು. ಹಾಡು ಒಮ್ಮೆ ಯಾವ ಕಡೆ ಹಿಡಿದರೂ ನಡುವೆ ಕ್ಲಾವೆಯನ್ನು ಅಡಿಮೇಲು ಮಾಡುವಂತಿಲ್ಲ. ಮಾಡಿದರೆ ವಾದಕರ ಮಟ್ಟಿಗೆ ಅದು ತಾಳ ತಪ್ಪಿದಷ್ಟೇ ದೊಡ್ಡ ತಪ್ಪು.

ಈಗ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಮೂರು ಪೆಟ್ಟಿನ ಅರ್ಧದಲ್ಲಿ ಬೇಸಿನ 4 ಮತ್ತು 7 ಕ್ಲಾವೆಯ ಎರಡನೇ, ಮೂರನೇ ಪೆಟ್ಟಿನ ಮೇಲೆಯೇ ಬೀಳುತ್ತವೆ. ಎರಡು ಪೆಟ್ಟಿನ ಅರ್ಧದಲ್ಲಿ ಬೇಸ್ 12 ಮತ್ತು 15ಕ್ಕೆ, ಕ್ಲಾವೆ 11 ಮತ್ತು 13ಕ್ಕೆ, ಒಂದೂ ಕೂಡುವುದಿಲ್ಲ. ಅರ್ಧ ಆವರ್ತ ಜೊತೆಯಲ್ಲಿ ನಡೆದು ಇನ್ನರ್ಧ ಬೇರೆಬೇರೆ ದಾರಿ ಹಿಡಿಯುವ ಈ ಎಳೆದಾಟವೇ ಕೇಳುವವರ ಕಾಲು ಆಡಿಸುವುದು. ಕೋಲಿನ ಶಬ್ದ ಎಲ್ಲ ಹಾಡಿನಲ್ಲೂ ಬೇಕೆಂದಿಲ್ಲ. ಬಾರಿಸದಿದ್ದರೂ ಎಲ್ಲರ ತಲೆಯೊಳಗೆ ಅದು ಓಡುತ್ತಿರುತ್ತದೆ.

ಮೊದಲ ಹಾಡು ಚಾನ್ ಚಾನ್. ಕೊಂಪಾಯ್ ಸೆಗುಂದೊನದೇ ರಚನೆ. ಇಡೀ ಹಾಡಿಗೆ ನಾಲ್ಕೇ ಸ್ವರಮೇಳ: ಡಿ ಮೈನರ್, ಎಫ್, ಜಿ ಮೈನರ್, ಎ. ಹಾರ್ಮೋನಿಯಂ ಇದ್ದವರು ಡಿಯನ್ನು ಷಡ್ಜ ಮಾಡಿ ಹಿಡಿದು ನೋಡಬಹುದು. ಎಫ್‌ನಲ್ಲಿ ಕೈಶಿಕಿ ನಿಷಾದ ಬರುತ್ತದೆ, ಎಯಲ್ಲಿ ಕಾಕಲಿ ನಿಷಾದ. ಒಂದು ಸುತ್ತಿನಲ್ಲಿ ಎರಡು ನಿಷಾದ. ಕೊನೆಯ ಕಾಕಲಿ ಷಡ್ಜಕ್ಕೆ ತಳ್ಳುತ್ತಲೇ ಇರುವುದರಿಂದ ಹಾಡು ನಿಲ್ಲುವ ಜಾಗವೇ ಸಿಗುವುದಿಲ್ಲ, ಸುತ್ತುತ್ತದೆ. ಸಾಹಿತ್ಯದಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ: ಪೂರ್ವ ಕ್ಯೂಬಾದ ನಾಲ್ಕು ಊರಿನ ಹೆಸರು, ಆಲ್ತೊ ಸೆದ್ರೊ, ಮಾರ್ಕಾನೆ, ಕ್ವೆತೊ, ಮಾಯಾರಿ, ಮನೆ ಕಟ್ಟಲು ಕಡಲತಡಿಯಲ್ಲಿ ಮರಳು ಜರಡಿ ಹಿಡಿಯುವ ಚಾನ್ ಚಾನ್ ಮತ್ತು ಹ್ವಾನಿಕಾ. ಕುಂಬಳೆಯಿಂದ ನೀರ್ಚಾಲು, ಬದಿಯಡ್ಕ, ಪೆರ್ಲ ಎಂದು ಬಸ್ಸಿನ ಕಂಡಕ್ಟರ್ ಕೂಗಿದಷ್ಟೇ ಸರಳ. ಅದಕ್ಕೇ ಸ್ಪ್ಯಾನಿಷ್ ಬಾರದವರ ಬಾಯಲ್ಲೂ ಎರಡನೇ ಸಲಕ್ಕೆ ಕೂರುತ್ತದೆ.

ಇಲ್ಲಿ ಮೇಲಿನ ದನಿ ಎಲಿಯಾದೆಸ್‌ನದು, ಕೆಳಗಿನದು ಕೊಂಪಾಯ್‌ನದು. ಕೊಂಪಾಯ್ ಸೆಗುಂದೊ ಎಂಬುದು ಹುಟ್ಟುಹೆಸರಲ್ಲ. ಕೊಂಪಾಯ್ ಎಂದರೆ ನಮ್ಮ ಮಾರಾಯ ಎಂದಂತೆ ಒಂದು ಸಲಿಗೆಯ ಕರೆ, ಸೆಗುಂದೊ ಎಂದರೆ ಎರಡನೆಯ ದನಿ. ಜನ್ಮವಿಡೀ ಎರಡನೇ ದನಿ ಹಾಡಿ ಅದನ್ನೇ ಹೆಸರಾಗಿಸಿಕೊಂಡವನು. ನಮ್ಮ ಸಂಗೀತದಲ್ಲಿ ಇದಕ್ಕೆ ಸಮನಾದದ್ದಿಲ್ಲ. ಜೊತೆಗಾರ ನಮ್ಮಲ್ಲಿ ಅದೇ ಸ್ವರದಲ್ಲಿ ಹಾಡುತ್ತಾನೆ. ಇಲ್ಲಿ ಮೂರೋ ಆರೋ ಸ್ವರ ಕೆಳಗೆ, ಬೇರೆಯದೇ ದಾರಿಯಲ್ಲಿ, ಆದರೆ ಅದೇ ಮಾತನ್ನು ಅದೇ ಕ್ಷಣದಲ್ಲಿ. ಕಿವಿಗೆ ಅಭ್ಯಾಸವಾಗಲು ಏಳನೇ ಹಾಡು ವೇಯಿಂತೆ ಆನ್ಯೊಸ್ ಒಳ್ಳೆಯದು. ಮೊದಲ ಸಲ ಒಮಾರಾಳನ್ನು ಮಾತ್ರ ಕೇಳಿ. ಎರಡನೇ ಸಲ ಅವಳನ್ನು ಬಿಟ್ಟು ಕೆಳಗಿನ ಮುದುಕ ದನಿಯನ್ನು ಮಾತ್ರ ಹಿಂಬಾಲಿಸಿ. ಮೂರನೇ ಸಲ ಇಬ್ಬರೂ ಕೂಡಿಯೇ ಕೇಳಿಸುತ್ತಾರೆ. ಹಾಡು ಮಾರಿಯಾ ತೆರೆಸಾ ವೇರಾಳದು. ಇಪ್ಪತ್ತು ವರ್ಷದ ಹಿಂದಿನಂತೆ ನನ್ನನ್ನು ಪ್ರೀತಿಸಬಾರದೆ ಎಂಬ ಅಳಲು. ಈ ಆಲ್ಬಮ್ಮಿನಲ್ಲಿ ಒಂದೇ ಹಾಡು ಉಳಿಸಿಕೊಳ್ಳಿ ಎಂದರೆ ಚಾನ್ ಚಾನ್ ಬಿಟ್ಟು ಇದನ್ನು ಇಟ್ಟುಕೊಳ್ಳಬೇಕು.

ಕೊಂಪಾಯ್‌ನ ಕೈಯಲ್ಲಿದ್ದ ವಾದ್ಯವೂ ಅವನದೇ ಸೃಷ್ಟಿ. ಆರ್ಮೋನಿಕೊ ಎಂದು ಹೆಸರು, ಏಳು ತಂತಿ. ಗಿಟಾರಿಗೂ ಕ್ಯೂಬಾದ ಮೂರು ಜೋಡಿ ತಂತಿಯ ತ್ರೆಸ್‌ಗೂ ನಡುವಿನದು, ಜಿ ತಂತಿಯನ್ನು ಜೋಡಿ ಮಾಡಿದ್ದಾನೆ. ಆ ಜೋಡಿಯಿಂದಲೇ ಮೀಟಿನಲ್ಲಿ ಒಂದು ಕಿಣಿಕಿಣಿ. ಬಾರ್ಬಾರಿತೊ ತೊರೆಸ್‌ನ ಲಾವುದ್‌ಗೆ 12 ತಂತಿ, ಆರು ಜೋಡಿ. ಎಲ್ ಕ್ವಾರ್ತೊ ದೆ ತೂಲಾ ಎಂಬ ಏಳು ನಿಮಿಷ ಮೀರಿದ ಹಾಡಿನಲ್ಲಿ ಅವನ ಒಂಟಿ ನುಡಿಸಾಟ ಬರುತ್ತದೆ. ಚೆಂಡೆಯವರು ಮೂರನೇ ಕಾಲಕ್ಕೆ ಏರಿಸಿದ ಹಾಗೆ. ಹಾಡಿನ ವಿಷಯ ತೂಲಾ ಎಂಬವಳು ಮೋಂಬತ್ತಿ ಆರಿಸದೆ ಮಲಗಿ ಕೋಣೆಗೆ ಬೆಂಕಿ ಹತ್ತಿದ್ದು. ಬೆಂಕಿಗೆ ಎರಡು ಅರ್ಥವಿದೆ ಎಂದು ಹೇಳಬೇಕಾಗಿಲ್ಲ, ನಗುವ ದನಿಯಲ್ಲೇ ಗೊತ್ತಾಗುತ್ತದೆ. ಸೋನ್‌ನ ಕಟ್ಟಡ ಇಲ್ಲಿ ಸ್ಪಷ್ಟ: ಮೊದಲು ಕಥೆ ಹೇಳುವ ಚರಣ, ಆಮೇಲೆ ಮೊಂತುನೊ, ಅಂದರೆ ಮುಂದಾಳು ಹೊಸ ಹೊಸ ಸಾಲು ಕಟ್ಟಿ ಎಸೆಯುವುದು, ಉಳಿದವರು ಒಂದೇ ಸಾಲನ್ನು ಮರಳಿ ಮರಳಿ ಹೇಳುವುದು. ಭಜನಾ ಮಂದಿರದಲ್ಲಿ ಕೂತು ಸೊಲ್ಲಿಗೆ ಸೊಲ್ಲು ಕೊಟ್ಟವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ರುಬೆನ್ ಗೊನ್ಸಾಲೆಸ್‌ನ ಪಿಯಾನೋ ಕೇಳಲು ಪ್ವೆಬ್ಲೊ ನ್ವೆವೊ, ಮತ್ತೆ ಆಲ್ಬಮ್ಮಿನ ಹೆಸರನ್ನೇ ಹೊತ್ತ ಹದಿಮೂರನೆಯದು. ಎರಡೂ ಕ್ಯೂಬಾದ ಜೋಡಿಕುಣಿತಕ್ಕೆ ನುಡಿಸುವ, ಮಾತಿಲ್ಲದ ದಾನ್ಸೋನ್‌ಗಳು. ಸಂಧಿವಾತದ ಬೆರಳು, ಮನೆಯಲ್ಲಿ ಪಿಯಾನೋ ಇಲ್ಲ ಎಂಬ ಸ್ಥಿತಿಯಲ್ಲಿ ಬಂದವನು. ನುಡಿಕೆಯಲ್ಲಿ ಅದರ ಸುಳಿವೇ ಇಲ್ಲ. ತುಂಬಿ ತುಳುಕುವಷ್ಟು ಸ್ವರ ಸುರಿದು ತಟ್ಟನೆ ನಿಲ್ಲಿಸುತ್ತಾನೆ, ಆ ನಿಲುಗಡೆಯಲ್ಲಿ ಕಚಾಯಿತೊನ ಬೇಸ್ ಮೇಲೆದ್ದು ಬರುತ್ತದೆ. ಇವನ ರುಚಿ ಹತ್ತಿದವರಿಗೆ ಅದೇ ಸ್ಟುಡಿಯೋದಲ್ಲಿ ಅದೇ ದಿನಗಳ ಹಿಂದೆಮುಂದೆ ಎರಡೇ ದಿನದಲ್ಲಿ ಮುಗಿಸಿದ ಅವನದೇ ಆಲ್ಬಂ ಇದೆ. ದೋಸ್ ಗಾರ್ದೇನ್ಯಾಸ್ ಹಾಡಿಗೆ ಇಬ್ರಾಹಿಂ ಫೆರೆರ್. ಇಸೊಲಿನಾ ಕಾರಿಯೊ ಕಟ್ಟಿದ ಬೊಲೆರೊ, ಅಂದರೆ ನಿಧಾನದ ಪ್ರೇಮಗೀತೆ: ನಿನಗಾಗಿ ಎರಡು ಗಂಧರಾಜ ಹೂ, ಅವು ಬಾಡಿದರೆ ನಿನ್ನ ಪ್ರೀತಿ ಬೇರೆಯವರ ಪಾಲಾಯಿತೆಂದು ಅವಕ್ಕೆ ತಿಳಿಯಿತು ಎಂದೇ ಅರ್ಥ. ನಮ್ಮ ಅಂಗಳದ ಗಂಧರಾಜ ಕೊಯ್ದ ಸಂಜೆಗೇ ಹಳದಿ ತಿರುಗುವುದನ್ನು ಕಂಡವರಿಗೆ ಈ ಪ್ರೇಮಿಯ ಗತಿ ಊಹಿಸಲು ಕಷ್ಟವಿಲ್ಲ. ಎಲ್ ಕಾರೆತೇರೊ ಎತ್ತಿನ ಗಾಡಿಯವನ ಹಾಡು, ನಡೆಯೂ ಗಾಡಿಯದ್ದೇ. ತುಂಬಾವೊ ಎಣಿಸಿ ಕಲಿಯುವವರು ಇಂಥ ನಿಧಾನದ ಹಾಡಿನಿಂದ ಶುರುಮಾಡಬೇಕು, ಕಾಂದೆಲಾದಂಥ ಓಟದ ಹಾಡಿನಿಂದಲ್ಲ.

ಕುಂದುಗಳೂ ಇವೆ. ಕೂಡರ್‌ನ ಸ್ಲೈಡ್ ಗಿಟಾರ್ ಕೆಲವು ಕಡೆ ಬೇಡದಿತ್ತು. ತಂತಿಯ ಮೇಲೆ ಕೊಳವೆ ಜಾರಿಸಿದಾಗ ಬರುವ ಆ ನೀಳ ಎಳೆತ ಕ್ಯೂಬಾದ ಕತ್ತರಿಸಿದಂಥ ಮೀಟಿನ ಹಿಂದೆ ಮಂಜಿನ ಹಾಗೆ ಕೂರುತ್ತದೆ; ಚಾನ್ ಚಾನ್‌ನಲ್ಲಿ ಸಹಿಸಬಹುದು, ಎಲ್ಲ ಕಡೆ ಅಲ್ಲ. ಹತ್ತನೇ ಹಾಡಿನ ನಂತರ ಆಲ್ಬಂ ಜೋಲುತ್ತದೆ. ಮುರ್ಮುಯೊ ಇಂಪಾಗಿದೆ, ಆದರೆ ಆ ಜಾಗದಲ್ಲಿ ನಿದ್ದೆ ತರಿಸುತ್ತದೆ. ಕುಣಿಸುವ ದೊಡ್ಡ ಬ್ಯಾಂಡ್ ನಿರೀಕ್ಷಿಸಿ ಬಂದವರಿಗೆ ಇದು ಸಪ್ಪೆ; ಅವರು ಅದೇ ಮಾರ್ಚಿನಲ್ಲಿ ಹ್ವಾನ್ ದೆ ಮಾರ್ಕೋಸ್ ನಡೆಸಿದ ಆಫ್ರೋ ಕ್ಯೂಬನ್ ಆಲ್ ಸ್ಟಾರ್ಸ್‌ನ ಆಲ್ಬಂ ಹಿಡಿಯಲಿ. ಇನ್ನೊಂದು ದೂರು ಆಲ್ಬಮ್ಮಿನ ಮೇಲಲ್ಲ, ಅದರ ಹೆಸರು ಹೋದ ರೀತಿಯ ಮೇಲೆ. ಕ್ಯೂಬಾ ಎಂದರೆ ಇದೇ ಎಂದಾಯಿತು. 1996ರಲ್ಲಿ ಹವಾನಾದ ಹುಡುಗರು ಕುಣಿಯುತ್ತಿದ್ದದ್ದು ತಿಂಬಾ ಎಂಬ ಬೇರೆಯೇ ಗದ್ದಲಕ್ಕೆ.

ಕೊಳ್ಳುವಾಗ ತಪ್ಪು ಡಬ್ಬಿ ಕೈಗೆ ಬರುವುದು ಮಾಮೂಲಿ. ಇದೇ ಹೆಸರು ಹೊತ್ತು 1998ರ ಕಾರ್ನೆಗಿ ಹಾಲ್ ಕಛೇರಿಯ ಆಲ್ಬಂ ಇದೆ, 2015ರಲ್ಲಿ ಬಂದ ಉಳಿಕೆ ಮುದ್ರಣಗಳ ಆಲ್ಬಂ ಇದೆ, ಹೆಸರಿನ ನೆರಳಲ್ಲಿ ಬದುಕುವ ಬೆರಕೆ ಸಂಗ್ರಹಗಳು ಬೇಕಾದಷ್ಟು. ಗುರುತು ಹೀಗೆ: ಮುಖಪುಟದಲ್ಲಿ ಹವಾನಾದ ಬೀದಿಯಲ್ಲಿ ನಡೆದು ಬರುತ್ತಿರುವ ಇಬ್ರಾಹಿಂ ಫೆರೆರ್, ಒಳಗೆ 14 ಹಾಡು, ಮೊದಲನೆಯದು ಚಾನ್ ಚಾನ್, ಕೊನೆಯದು ಲಾ ಬಯಾಮೆಸಾ. 2021ರಲ್ಲಿ ಇಪ್ಪತ್ತೈದರ ಆವೃತ್ತಿ ಬಂತು: ಮೂಲವನ್ನು ಹೊಸದಾಗಿ ಮಾಸ್ಟರ್ ಮಾಡಿದ್ದಾರೆ, ಹಿಂದೆ ಬಿಟ್ಟಿದ್ದ ವಿಸೆಂತಾ ಮುಂತಾದ ಹಾಡುಗಳನ್ನು ಸೇರಿಸಿದ್ದಾರೆ. ಹೊಸದಾಗಿ ಕೊಳ್ಳುವವರು ಇದನ್ನೇ ಕೊಳ್ಳಲಿ. ಹಳೆಯ ಸಿ.ಡಿ. ಇದ್ದವರು ದುಡ್ಡು ಉಳಿಸಿಕೊಳ್ಳಬಹುದು, ಎದ್ದು ಕಾಣುವ ವ್ಯತ್ಯಾಸವಿಲ್ಲ.

ಎಲ್.ಪಿ. ಎರಡು ತಟ್ಟೆಯದು. ಒಂದು ಗಂಟೆ ನಾಲ್ಕು ಮಗ್ಗುಲಿಗೆ ಹಂಚಿದರೆ ಮಗ್ಗುಲಿಗೆ ಹದಿನೈದು ನಿಮಿಷ. ಅಡಿಕೆ ಸುಲಿಯುತ್ತ ಕೇಳುವವರಿಗೆ ಇದು ಹೇಳಿದ್ದಲ್ಲ. ನಮ್ಮ ಹವೆಯಲ್ಲಿ ಎಲ್.ಪಿ.ಯ ಶತ್ರು ಜೂನ್‌ನಿಂದ ಸೆಪ್ಟೆಂಬರ್. ಕಾಗದದ ಒಳಚೀಲ ತೇವ ಹೀರಿ ಬೂಸರು ಹಿಡಿಯುತ್ತದೆ, ಆ ಬೂಸರು ಗೀರಿನೊಳಗೆ ಇಳಿದು ಚಟಪಟ ಶುರುವಾಗುತ್ತದೆ. ಕಾಗದ ತೆಗೆದು ಪ್ಲಾಸ್ಟಿಕ್ ಒಳಚೀಲ ಹಾಕಬೇಕು, ನೆಟ್ಟಗೆ ನಿಲ್ಲಿಸಿಡಬೇಕು, ಪಕ್ಕದಲ್ಲಿ ಸಿಲಿಕಾ ಜೆಲ್ ಇಟ್ಟು ಬಣ್ಣ ತಿರುಗಿದಾಗ ಒಣಗಿಸಬೇಕು. ಬಟ್ಟೆಯ ಕಪಾಟಿಗೆ ಮಾಡುವಂತೆ ಒಳಗೆ ಬಲ್ಬು ಉರಿಸಿಡುವ ಉಪಾಯ ಬೇಡ, ಬಿಸಿಗೆ ತಟ್ಟೆ ಡೊಂಕಾಗುತ್ತದೆ. ಬೂಸರು ಬಂದೇಬಿಟ್ಟರೆ ಡಿಸ್ಟಿಲ್ಡ್ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತನೆ ಬಟ್ಟೆ, ಗೀರಿನ ಗುಂಟ ಸುತ್ತು; ನಡುವಿನ ಕಾಗದ ನೆನೆಯಬಾರದು. ಬಾವಿನೀರು ಒಣಗಿದರೆ ಕಲೆ ಉಳಿಯುತ್ತದೆ. ಸಿ.ಡಿ.ಗೆ ಇದರ ತಿರುಗುಮುರುಗು: ನಡುವಿನಿಂದ ಅಂಚಿಗೆ ನೇರ ಗೆರೆಯಲ್ಲಿ ಒರೆಸುವುದು, ಸುತ್ತು ಹಾಕುವುದಲ್ಲ. ಇಷ್ಟೆಲ್ಲ ಕೆಲಸ ಯಾರಿಗೆ ಬೇಕು ಎನ್ನುವವರಿಗೆ ಸಿ.ಡಿ., ಇಲ್ಲವೇ ಫೋನಿಗೆ ಇಳಿಸಿಕೊಳ್ಳುವುದು. 320 ಕೆ.ಬಿ.ಪಿ.ಎಸ್. ಗುಣಮಟ್ಟದಲ್ಲಿ ಒಂದು ಗಂಟೆಗೆ ಸುಮಾರು 144 ಎಂ.ಬಿ. ಎಣ್ಮಕಜೆ, ದೇಲಂಪಾಡಿ ಕಡೆ ರೇಂಜ್ ಕೈಕೊಡುವಲ್ಲಿ ಮೊದಲೇ ಇಳಿಸಿಟ್ಟುಕೊಳ್ಳುವುದೇ ದಾರಿ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಕೇಳಿಸುವ ಸೆಟ್ಟಿನಲ್ಲಿ. ಫೋನಿನ ಸ್ಪೀಕರ್ ಸುಮಾರು 300 ಹರ್ಟ್ಸ್‌ನ ಕೆಳಗೆ ಏನನ್ನೂ ಸರಿಯಾಗಿ ಹೊರಡಿಸುವುದಿಲ್ಲ. ನಿಲುವು ಬೇಸಿನ ದಪ್ಪ ತಂತಿ 41 ಹರ್ಟ್ಸ್‌ನಿಂದ ಶುರು. ಅಂದರೆ ತುಂಬಾವೊ ಪೂರ್ತಿ ಮಾಯ, ಮೇಲೆ ಹೇಳಿದ ಎಳೆದಾಟ ಅರ್ಧಕ್ಕರ್ಧ ಹೋಯಿತು, ಉಳಿದದ್ದು ಮುದುಕರ ಗೊಣಗು. ಗಲ್ಫಿನಿಂದ ಬಂದ ಹೋಂ ಥಿಯೇಟರ್ ಸೆಟ್ಟಿನಲ್ಲಿ ತದ್ವಿರುದ್ಧ ರೋಗ. ಸಬ್ ವೂಫರ್ ಮದುವೆಮನೆಯ ಮಟ್ಟಕ್ಕೆ ಏರಿಸಿಟ್ಟಿರುತ್ತಾರೆ. ಕಚಾಯಿತೊನ ಬಿಡಿಬಿಡಿ ಸ್ವರಗಳು ಒಂದಕ್ಕೊಂದು ಅಂಟಿ ಗುಂಯ್‌ಗುಡುತ್ತವೆ, ಖಾಲಿ ಬಿಟ್ಟ ಮೊದಲ ಪೆಟ್ಟು ಆ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಬೇಸ್ ಬೂಸ್ಟ್ ತೆಗೆಯಿರಿ, ಸಬ್ ವೂಫರಿನ ಕ್ರಾಸ್‌ಓವರ್ 80 ಹರ್ಟ್ಸ್‌ನ ಆಸುಪಾಸಿಗೆ ತನ್ನಿ, ಡಬ್ಬಿಯನ್ನು ಗೋಡೆಯ ಮೂಲೆಯಿಂದ ಒಂದೆರಡು ಅಡಿ ಈಚೆ ಎಳೆಯಿರಿ, ಆಮೇಲೆ ಬೇಸಿನ ಪ್ರತಿ ಸ್ವರ ಎಲ್ಲಿ ಮುಗಿಯುತ್ತದೆ ಎಂದು ಕೇಳುವ ತನಕ ಇಳಿಸುತ್ತ ಬನ್ನಿ. ಹಾಲ್ ಎಫೆಕ್ಟ್, ಸ್ಟೇಡಿಯಂ ಎಫೆಕ್ಟ್ ಗುಂಡಿಗಳು ಬೇಡವೇ ಬೇಡ. ಎಂಜಿನಿಯರ್ ಜೆರ್ರಿ ಬಾಯ್ಸ್ ಎಲ್ಲರನ್ನೂ ಒಂದೇ ಹಾಲಿನಲ್ಲಿ ಕೂರಿಸಿ, ಆ ಹಾಲಿನ ಗಾಳಿಯನ್ನೂ ಮುದ್ರಣದೊಳಗೆ ಹಿಡಿದಿದ್ದಾನೆ; ಅದರ ಮೇಲೆ ಇನ್ನೊಂದು ಹಾಲು ಕಟ್ಟಿದರೆ ಎರಡೂ ಕೆಡುತ್ತವೆ. ಒಂಟಿ ಬ್ಲೂಟೂತ್ ಡಬ್ಬಿಗಿಂತ ಸಾಧಾರಣ ತಂತಿಯ ಇಯರ್‌ಫೋನ್ ವಾಸಿ, ಎಡಬಲ ಬೇರೆ ಬೇರೆ ಕೇಳಿಸುವುದರಿಂದ ಯಾರು ಎಲ್ಲಿ ಕೂತಿದ್ದಾರೆ ಎಂದು ತಿಳಿಯುತ್ತದೆ.

ಕರೆಂಟು ಹೋಗಿ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಆಂಪ್ಲಿಫಯರ್ ಓಡಿದರೆ ಸ್ಪೀಕರಿನಲ್ಲಿ ಒಂದು ಝೇಂಕಾರ ಬರುತ್ತದೆ, ನಿಧಾನದ ಹಾಡುಗಳಲ್ಲಿ ಅದು ಶ್ರುತಿಪೆಟ್ಟಿಗೆಯ ಹಾಗೆ ಜೊತೆಗೇ ಇರುತ್ತದೆ. ಸೈನ್ ವೇವ್ ಇನ್ವರ್ಟರಿಗೆ ಈ ತೊಂದರೆ ಇಲ್ಲ. ಕಾಳು ತುಂಬಿದ ಗಿಲಕಿಯಾದ ಮರಾಕಾದ ಸರಸರ, ಗೀರು ಕೊರೆದ ಸೋರೆಬುರುಡೆಯಾದ ಗೂಯಿರೊದ ಕೆರೆತ ತಲೆಯ ಮೇಲಿನ ಫ್ಯಾನಿಗೇ ಅರ್ಧ ಮುಳುಗುತ್ತವೆ. ತಗಡಿನ ಮಾಡಿನ ಕೆಳಗೆ ಆಟಿಯ ಮಳೆ ಹೊಯ್ಯುವಾಗ ಕೇಳಲು ಕೂರುವುದು ವ್ಯರ್ಥ. ಹಂಚಿನ ಮಾಡಿನ ಚಾವಡಿ, ಮಳೆ ಬಿಟ್ಟ ರಾತ್ರಿ ಎಂಟರ ಮೇಲೆ, ಫ್ಯಾನ್ ಎರಡಕ್ಕೆ ಇಳಿಸಿ.

ಕೊನೆಯ ಲಾ ಬಯಾಮೆಸಾ ಸಿಂದೊ ಗರಾಯ್‌ನ ರಚನೆ, ಬಯಾಮೊ ಊರಿನ ಹೆಂಗಸಿನ ಮೇಲಿನ ಹಾಡು. ಕ್ಯೂಬಾದ ರಾಷ್ಟ್ರಗೀತೆಗೂ ಇದೇ ಹೆಸರು ರೂಢಿಯಲ್ಲಿದೆ, ಅದು ಬೇರೆ. ಎದ್ದು ನಿಲ್ಲಬೇಕಾಗಿಲ್ಲ, ಕೂತೇ ಕೇಳಬಹುದು.